ಹತ್ತು ಕೋಟಿ ನೋಟಿಗೆ ಕುಂಕುಮ

ಅಮೆರಿಕದ ಗ್ಲೆಂಡೇಲ್‌ನಲ್ಲಿರುವ ಮಗಳ ಮನೆಗೆ ಬಂದಾಗಿನಿಂದ ನನ್ನದು ಒಂದೇ ಆಸೆ: ಮೊಮ್ಮಗಳು ನನ್ನ ಜೊತೆ ಬಾಯಿತುಂಬ ಕನ್ನಡ ಮಾತಾಡಬೇಕು. ನಾನು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನೋ ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಸುಮ್ಮನೆ ನಗುತ್ತಿದ್ದೆ.

ಆ ದೀಪಾವಳಿಗೆ ಟೇಬಲ್ಲಿನ ಮೇಲೆ ಒಂದು ಹಳೆಯ ನೋಟು ಕಂಡಿತು. ಅದರಲ್ಲಿ ತಲೆಗೆ ಬಟ್ಟೆ ಕಟ್ಟಿದ ಹೆಂಗಸಿನ ಮುಖ.

"ಪಕ್ಕದ ಮನೆ ತಾತ ಕೊಟ್ಟಿದ್ದಮ್ಮ, ಅವರ ಹಂಗೇರಿ ದೇಶದ್ದು. ಹತ್ತು ಕೋಟಿ ನೋಟು" ಎಂದು ಹೇಳಿ ಮಗಳು ಕೆಲಸಕ್ಕೆ ಹೊರಟಳು.

ಹತ್ತು ಕೋಟಿ! ಲಕ್ಷ್ಮೀಪೂಜೆಗೆ ಇಟ್ಟು, ಆ ಹೆಂಗಸಿನ ಹಣೆಗೆ ಒದ್ದೆ ಕುಂಕುಮ ಹಚ್ಚಿದೆ.

ಸ್ಕೂಲಿನಿಂದ ಬಂದ ಮೊಮ್ಮಗಳು ನೋಡಿ ಅತ್ತೇಬಿಟ್ಟಳು.

"ಅಜ್ಜಿ! ನಾಳೆ ಕ್ಲಾಸಲ್ಲಿ ತೋರಿಸ್ಬೇಕು. ತಾತಂಗೆ ವಾಪಸ್ ಕೊಡ್ಬೇಕು!"

"ಕೋಟಿ ಲಕ್ಷ್ಮಿ ಕಣೇ, ಕುಂಕುಮ ಬೇಡ್ವಾ?"

"ಲಕ್ಷ್ಮಿ ಅಲ್ಲ! ಅದ್ರಲ್ಲಿ ಬ್ರೆಡ್ಡೂ ಬರ್ತಿರ್ಲಿಲ್ಲ. ಜನ ರೋಡಲ್ಲಿ ಕಸದ ಥರ ಗುಡಿಸಿದ್ರು."

"ಬಿಡ್ತು ಅನ್ನು! ದುಡ್ಡನ್ನ ಪೊರಕೇಲಿ ಗುಡಿಸ್ತಾರಾ?"

"ಕೇಳು ಅಜ್ಜಿ, ತಾತ ಹೇಳಿದ್ದು. ವಾರ್, ಯುದ್ಧ ಆಯ್ತು, ಫ್ಯಾಕ್ಟರಿ ಹೋಯ್ತು, ಅಂಗಡೀಲಿ ಸಾಮಾನಿಲ್ಲ. ಗೆದ್ದೋರಿಗೆ ದಂಡ ಕೊಡ್ಬೇಕು. ಗವರ್ಮೆಂಟಿಗೆ ಟ್ಯಾಕ್ಸ್ ಸಾಕಾಗಲ್ಲ, ನೋಟು ಪ್ರಿಂಟ್ ಮಾಡ್ತು. ಇನ್ನೂ ಮಾಡ್ತು, ಇನ್ನೂ. ಗೆಸ್ಟ್ ಬಂದ್ರೆ ನೀನು ಸಾರಿಗೆ ನೀರು ಹಾಕ್ತೀಯಲ್ಲ, ಹಾಗೆ."

"ನನ್ನ ಸಾರಿನ ಸುದ್ದಿಗೆ ಬರಬೇಡ. ಆಮೇಲೆ ಹೇಗೆ ಸರಿಹೋಯ್ತು?"

"ಹೊಸ ದುಡ್ಡು, ಹೊಸ ಹೆಸರು. ಸುಮ್ಸುಮ್ನೆ ಪ್ರಿಂಟ್ ಮಾಡೋದು ಸ್ಟಾಪ್. ಟ್ಯಾಕ್ಸ್ ತಗೊಂಡ್ರು. ಯುದ್ಧದಲ್ಲಿ ಹೊರಗೆ ಹೋಗಿದ್ದ ಅವರ ಚಿನ್ನ ಅಮೆರಿಕ ವಾಪಸ್ ಕೊಡ್ತು. ಜನ ನಂಬಿದ್ರು."

ನನ್ನ ತಲೆ ಗಿರ್ ಎಂದಿತು. ಅದೂ ಕಾಗದ, ಇದೂ ಕಾಗದ. ಒಂದು ಕಸ, ಒಂದು ದುಡ್ಡು. ಜನ ನಂಬಿದರೆ ಲಕ್ಷ್ಮಿ, ಇಲ್ಲದಿದ್ದರೆ ಇಲ್ಲವೇ? ಕೇಳಬೇಕೆಂದು ಬಾಯಿ ತೆರೆದವಳಿಗೆ ಆಗ ಹೊಳೆಯಿತು: ಅಯ್ಯೋ ನನ್ನ ಬಂಗಾರವೇ, ಇಷ್ಟು ಹೊತ್ತು ಮಾತಾಡಿದ್ದೆಲ್ಲ ಕನ್ನಡ! ಎದೆ ಉಕ್ಕಿ ಕಣ್ಣೆಲ್ಲ ನೀರು. ತಾನು ಬೈದದ್ದಕ್ಕೆ ಅಜ್ಜಿ ಅತ್ತಳು ಎಂದುಕೊಂಡಳು ಮೊಮ್ಮಗಳು. ನೋಟು ಎತ್ತಿಕೊಂಡು, ನನ್ನ ಕೈ ಹಿಡಿದು ಪಕ್ಕದ ಮನೆಗೆ ಕರೆದೊಯ್ದಳು.

ತಾತ ಕುಂಕುಮ ನೋಡಿ ಹೊಟ್ಟೆ ಹಿಡಿದು ನಕ್ಕರು. ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಆ ನೋಟಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರ್ಲಿಲ್ವಂತೆ ಅಜ್ಜಿ. ಹಾಗೇ ಕ್ಲಾಸಿಗೆ ತಗೊಂಡು ಹೋಗು ಅಂದ್ರು."

ವಾಪಸ್ಸು ಬರುವಾಗ ಕೇಳಿದಳು, "ಈಗ ಅರ್ಥ ಆಯ್ತಾ?"

"ಸಾರಿನವರೆಗೆ ಆಯ್ತು ಕಣೇ," ಎಂದೆ. "ಅಲ್ಲಿಂದ ಇನ್ನೊಂದ್ಸಲ ಹೇಳು."