ಶಶಿರೇಖಾ ಹೊಸ ವರ್ಷನ್ ಹಾಕಿಸಿದ್ದು

ಚಳ್ಳಕೆರೆಯ ತಾಲ್ಲೂಕು ಕಚೇರಿಯ ಹಿಂದಿನ ಓಣಿಯಲ್ಲಿ, ಜೆರಾಕ್ಸ್ ಅಂಗಡಿಗೂ ಎಣ್ಣೆ ಅಂಗಡಿಗೂ ನಡುವೆ ಒಂದು ಚಿಕ್ಕ ಟೈಪಿಂಗ್ ಅಂಗಡಿ ಇದೆ. ಬೋರ್ಡಿನ ಮೇಲೆ ಯಾವುದೋ ದೇವರ ಹೆಸರಿದೆ, ಬಣ್ಣ ಮಾಸಿ ಓದಲು ಬರುವುದಿಲ್ಲ. ಹಳ್ಳಿಗಳಿಂದ ಬರುವವರು ಟೈಪ್ ಅಕ್ಕನ ಅಂಗಡಿ ಎಲ್ಲೈತೆ ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. ಆ ಅಕ್ಕನ ಹೆಸರು ಶಶಿರೇಖಾ. ವಯಸ್ಸು ಐವತ್ತೈದರ ಆಸುಪಾಸು. ಕ್ರಯಪತ್ರ, ದಾನಪತ್ರ, ಬಾಡಿಗೆ ಕರಾರು, ಕಳೆದುಹೋದ ಮಾರ್ಕ್ಸ್ ಕಾರ್ಡಿಗೊಂದು ಅಫಿಡವಿಟ್ಟು, ಇಂಥವೇ ಅವರ ದಿನದ ಕೆಲಸ.

ಅವರು ಹುಟ್ಟಿದ್ದು ಮೊಳಕಾಲ್ಮೂರಿನಲ್ಲಿ, ರೇಷ್ಮೆ ಸೀರೆ ನೇಯುವ ಮನೆಯಲ್ಲಿ. ಮನೆಯೊಳಗೆ ಅರ್ಧ ತೆಲುಗು, ಅರ್ಧ ಕನ್ನಡ. ಎಸ್ಸೆಸ್ಸೆಲ್ಸಿ ಆದ ಮೇಲೆ ಅಪ್ಪ ಮಗಳನ್ನು ಮಗ್ಗಕ್ಕೆ ಕೂರಿಸದೆ ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ಆಗಿನ ಕನ್ನಡ ಟೈಪ್‌ರೈಟರಿನ ಕೀಲಿಗಳು ಬಲು ಗಟ್ಟಿ. ಕಿರುಬೆರಳಿನಲ್ಲಿ ಹೊಡೆದು ಹೊಡೆದು, ಊಟಕ್ಕೆ ಕೂತಾಗ ತುತ್ತು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಸೀನಿಯರ್ ಪರೀಕ್ಷೆ ಪಾಸಾದ ವರ್ಷವೇ ಮದುವೆಯಾಗಿ ಚಳ್ಳಕೆರೆಗೆ ಬಂದರು. ಗಂಡ ರಾಜಣ್ಣ ಬಸ್ ಕಂಡಕ್ಟರ್. ಕಚೇರಿ ಮುಂದಿನ ಬೇವಿನ ಮರದಡಿ ಸಾಲಾಗಿ ಕೂತ ಟೈಪಿಸ್ಟರ ನಡುವೆ ಇವರೊಬ್ಬರೇ ಹೆಂಗಸು. ಮೊದಮೊದಲು ಜನ ಇವರನ್ನು ದಾಟಿ ಪಕ್ಕದವರ ಬಳಿ ಹೋಗುತ್ತಿದ್ದರು. ಇವರು ಹೊಡೆದ ಪತ್ರ ತಪ್ಪೆಂದು ವಾಪಸ್ ಬರುವುದಿಲ್ಲ ಎಂಬ ಮಾತು ಹಬ್ಬಿದ ಮೇಲೆ ಇವರ ಮುಂದೆಯೂ ಜನ ನಿಂತರು.

ವಯಸ್ಸು ಮೂವತ್ತು ದಾಟಿದ ಮೇಲೆ ಬೇವಿನ ಮರದಡಿಯಿಂದ ಈ ಅಂಗಡಿಗೆ ಬಂದರು, ಕಂಪ್ಯೂಟರ್ ಬಂತು. ಮತ್ತೆ ಎಲ್ಲ ಮೊದಲಿನಿಂದ. ಮೌಸ್ ಹಿಡಿದ ಕೈ ಬೆವರುತ್ತಿತ್ತು, ಪರದೆಯ ಮೇಲಿನ ಬಾಣ ಹೇಳಿದಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಆಗ ವಯಸ್ಸಿತ್ತು, ಹಠವೂ ಇತ್ತು. ಒಂದು ಬೇಸಿಗೆ ಕಳೆಯುವುದರೊಳಗೆ ಕೈ ಪಳಗಿತು. ಆಗ ಹಾಕಿಸಿದ ಆಫೀಸ್ ಸಾಫ್ಟ್‌ವೇರನ್ನೇ ಅವರು ಈಚಿನವರೆಗೂ ಇಟ್ಟುಕೊಂಡಿದ್ದರು. ಮಷಿನ್ ಕೆಟ್ಟು ಬೇರೆ ಮಷಿನ್ ತಂದರೂ ಅದರೊಳಗೆ ಆ ಹಳೆಯದನ್ನೇ ಹಾಕಿಸಿಕೊಂಡರು. ಅವರ ಮಾದರಿ ಪತ್ರಗಳೆಲ್ಲ ಅದರಲ್ಲಿ, ಹಳೆ ಕನ್ನಡ ಫಾಂಟಿನಲ್ಲಿದ್ದವು. ಹೆಸರು, ಸರ್ವೆ ನಂಬರು, ನಾಲ್ಕು ದಿಕ್ಕಿನ ಗಡಿಯ ಚೆಕ್ಕುಬಂದಿ ಬದಲಾಯಿಸಿದರೆ ಪತ್ರ ಸಿದ್ಧ.

ಕಂಪ್ಯೂಟರ್ ರಿಪೇರಿಯ ವಿಶ್ವನಾಥ್ ಪ್ರತಿ ಸಲ ಬಂದಾಗಲೂ ಅದನ್ನು ನೋಡಿ ತಲೆ ಕೊಡವುತ್ತಿದ್ದ. ಈ ಸಾಫ್ಟ್‌ವೇರನ್ನು ಮಾಡಿದವರೇ ಇದರ ಕೈಬಿಟ್ಟು ಬಹಳ ಕಾಲವಾಯಿತು, ಹೊಸ ವರ್ಷನ್ ಹಾಕಿಸಿಕೊಳ್ಳಿ ಅಕ್ಕಾ ಎನ್ನುತ್ತಿದ್ದ. ಹಾಕಿಸಿದರೆ ನನ್ನ ಪತ್ರಗಳ ಗತಿ ಏನು ಎಂದು ಇವರು ಕೇಳುತ್ತಿದ್ದರು.

“ಹಳೇ ಫಾಂಟು ಅದ್ರಾಗೆ ಸರಿಯಾಗಿ ಕೂರಲ್ಲಕ್ಕ. ಎಲ್ಲಾ ಈಗಿನ ಯೂನಿಕೋಡ್ ಅಕ್ಷರಕ್ಕೆ ಬರ್ಬೇಕು. ಬದಲಾಯ್ಸೋಕೆ ಒಂದು ಪ್ರೋಗ್ರಾಂ ಐತೆ. ಆದ್ರೆ ಅದು ಅಲ್ಲಲ್ಲಿ ಒತ್ತು ತಿಂದಾಕುತ್ತೆ. ನೀವು ಕೂತ್ಕೊಂಡು ಎಲ್ಲಾ ಓದ್ಬೇಕು.”

ಎಲ್ಲಾ ಓದಬೇಕು ಎಂಬ ಮಾತು ಕೇಳಿದರೇ ಅವರ ಕುತ್ತಿಗೆ ನೋಯುತ್ತಿತ್ತು. ಹಬ್ಬ ಮುಗಿಯಲಿ ಎಂದರು, ಮಗಳ ಬಾಣಂತನ ಮುಗಿಯಲಿ ಎಂದರು, ಮಾರ್ಚ್ ಕಳೆಯಲಿ ಎಂದರು. ವಿಶ್ವನಾಥ್ ಕೇಳುವುದನ್ನೇ ಬಿಟ್ಟ.

ಆದರೆ ಕೆಲಸ ಬರುವ ರೀತಿ ಬದಲಾಗಿತ್ತು. ಚಿತ್ರದುರ್ಗದ ವಕೀಲರು ಪತ್ರದ ಕರಡನ್ನು ಕಕ್ಷಿದಾರರ ಫೋನಿಗೆ ಕಳಿಸುತ್ತಿದ್ದರು. ಅದನ್ನು ಇವರ ಮಷಿನ್‌ನಲ್ಲಿ ತೆರೆದರೆ ಅಕ್ಷರಗಳು ಕಳಚಿ ಬೀಳುತ್ತಿದ್ದವು. ಎಷ್ಟೋ ಕಡೆ ಒತ್ತು ಇರುವಲ್ಲಿ ಖಾಲಿ ಚೌಕ, ಕೆಲವು ಕಡೆ ಏನೂ ಇಲ್ಲ. ಫೋನನ್ನು ಪಕ್ಕಕ್ಕೆ ಒರಗಿಸಿಟ್ಟುಕೊಂಡು, ಅದನ್ನು ನೋಡಿ ಇದನ್ನು ರಿಪೇರಿ ಮಾಡುವುದೇ ಒಂದು ಕೆಲಸವಾಯಿತು. ಹೊಸದಾಗಿ ಟೈಪ್ ಮಾಡಿದರೆ ಇದಕ್ಕಿಂತ ಬೇಗ ಆಗುತ್ತಿತ್ತೇನೋ. ಕೆಲವರು ಕಾದು ಬೇಸತ್ತು ಬಸ್‌ಸ್ಟ್ಯಾಂಡ್ ಕಡೆಯ ಅಂಗಡಿಗೆ ಹೋದರು. ಹೋದವರ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ಒಬ್ಬರು ಕಡಿಮೆಯಾದರು ಎಂದು ಒಳಗೊಳಗೇ ಹಗುರವೆನಿಸಿತು. ಹಾಗೆ ಅನಿಸಿದ್ದೇ ಅವರನ್ನು ಸ್ವಲ್ಪ ಹೆದರಿಸಿತು.

ರಾಜಣ್ಣ ನಿವೃತ್ತರಾಗಿ ಮನೆಯಲ್ಲಿದ್ದರು. ಬೆಳಗಿನ ಅಡುಗೆ ಈಗ ಅವರದೇ. ಒಂದು ದಿನ ಮುದ್ದೆ ಬಡಿಸುತ್ತಾ, ಹೆಂಡತಿ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತಟ್ಟೆಗೆ ಇಟ್ಟುಕೊಂಡಿದ್ದನ್ನು ನೋಡಿದರು.

“ಸಾಕು ಬಿಡು ಶಶಿ. ಅಂಗಡಿ ಖಾಲಿ ಮಾಡಿ ಮನ್ಯಾಗಿರು. ನಮ್ಮಿಬ್ರಿಗೆ ಇನ್ನೇನು ಬೇಕು?”

ಶಶಿರೇಖಾ ಮನೆಯಲ್ಲಿರುವುದನ್ನು ಕಲ್ಪಿಸಿಕೊಂಡು ನೋಡಿದರು. ಮಧ್ಯಾಹ್ನದ ಧಾರಾವಾಹಿ, ಸಂಜೆ ಪಾರ್ಕಿನಲ್ಲಿ ಒಂದು ಸುತ್ತು. ಅದೂ ದಣಿವಿನ ಕೆಲಸದಂತೆಯೇ ಕಂಡಿತು.

ದಸರೆಯ ನಂತರದ ಒಂದು ದಿನ ಕೊಂಡ್ಲಹಳ್ಳಿಯ ಮರುಳಪ್ಪ ಎಂಬವರು ತಮ್ಮ ತಾಯಿ ತಿಪ್ಪೇರುದ್ರಮ್ಮನನ್ನು ಕರೆದುಕೊಂಡು ಬಂದರು. ಅಜ್ಜಿಗೆ ಎಂಬತ್ತರ ಮೇಲಾಗಿತ್ತು. ಚಳ್ಳಕೆರೆಯಲ್ಲಿದ್ದ ಒಂದು ಸಣ್ಣ ಮನೆಯನ್ನು ಕಿರಿಯ ಸೊಸೆ ಶಿಲ್ಪಾಳ ಹೆಸರಿಗೆ ದಾನಪತ್ರ ಮಾಡಿಸಬೇಕಿತ್ತು. ಕಿರಿಯ ಮಗ ತೀರಿಕೊಂಡಿದ್ದ. ಸೊಸೆ ಆ ಮನೆಯಲ್ಲೇ ಇದ್ದು ಹೊಲಿಗೆ ಮಾಡಿಕೊಂಡಿದ್ದಳು. ತಾನು ಕಣ್ಣು ಮುಚ್ಚುವ ಮೊದಲು ಆ ಹುಡುಗಿಗೆ ಒಂದು ನೆಲೆ ಆಗಬೇಕು ಎಂಬುದು ಅಜ್ಜಿಯ ಆಸೆ. ವಕೀಲರ ಕರಡು ಮರುಳಪ್ಪನವರ ಫೋನಿನಲ್ಲಿತ್ತು. ಎಂದಿನಂತೆ ಅಕ್ಷರಗಳು ಒಡೆದಿದ್ದವು. ಎಂದಿನಂತೆ ಶಶಿರೇಖಾ ಕೂತು ಸರಿಪಡಿಸಿ, ಪ್ರಿಂಟ್ ತೆಗೆದುಕೊಟ್ಟರು.

ಊಟದ ಹೊತ್ತಿಗೆ ಮರುಳಪ್ಪ ಪತ್ರ ಹಿಡಿದು ವಾಪಸ್ ಬಂದರು. ಮೊದಲ ಪುಟಗಳಲ್ಲೆಲ್ಲ ಹೆಸರು ಸರಿಯಾಗಿತ್ತು. ಕಡೆಯ ಪುಟದಲ್ಲಿ, ಅಜ್ಜಿ ಹೆಬ್ಬೆಟ್ಟು ಒತ್ತುವ ಜಾಗದಲ್ಲಿ, ‘ತಿಪೇರುದ್ರಮ’ ಎಂದಿತ್ತು. ಆಧಾರ್ ಕಾರ್ಡಿಗೆ ತಾಳೆಯಾಗುವುದಿಲ್ಲ ಎಂದು ನೋಂದಣಿ ಕಚೇರಿಯವರು ಹಿಂದಕ್ಕೆ ಕಳಿಸಿದ್ದರು. ತಿದ್ದಿ ಕೊಡುವಷ್ಟರಲ್ಲಿ ಆ ದಿನದ ಸರದಿ ಮುಗಿದಿತ್ತು.

ಶಶಿರೇಖಾ ಕಚೇರಿಗೆ ಹೋದರು. ಅಜ್ಜಿ ಜಗಲಿಯ ತುದಿಯಲ್ಲಿ, ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದರು. ಬೆಳಗಿನ ಜಾವವೇ ಎದ್ದು ಆಟೋ, ಬಸ್ಸು ಎಂದು ಬಂದಿದ್ದ ಜೀವ. ಇವರು ತಂದ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಏನಾತವ್ವ ನನ್ ಹೆಸ್ರಿಗೆ?”

“ಎರಡು ಒತ್ತು ಬಿಟ್ಟೋಗೈತಜ್ಜಿ. ತಪ್ಪು ನಂದೇ.”

ಅಜ್ಜಿ ಒಂದು ಗುಟುಕು ಕುಡಿದು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು. “ನನಗೆ ಓದಾಕ್ ಬರಲ್ಲವ್ವ. ನಿಮ್ಮಂಥೋರು ಏನ್ ಬರೀತೀರೋ ಅದೇ ನನ್ ಹೆಸ್ರು. ಒಸಿ ನೋಡ್ಕೊಂಡು ಬರೀರಿ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಶಶಿರೇಖಾ ಅಂಗಡಿಗೆ ಬಂದು ಆ ಕಡೆಯ ಪುಟವನ್ನು ಪರದೆಯ ಮೇಲೆ ಮತ್ತೆ ತೆರೆದರು. ಆ ಹೆಸರನ್ನು ತಾವು ನೋಡಿಯೂ ಇರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕಡೆಯ ಪುಟಕ್ಕೆ ಬರುವಷ್ಟರಲ್ಲಿ ಕಣ್ಣು ಬಿಟ್ಟೇ ನಿದ್ದೆ ಮಾಡಿದಂತಾಗಿತ್ತು. ಅಂಗಡಿ ಮುಚ್ಚಬಹುದು, ಅಥವಾ ಈ ಹಳೆ ಸಾಫ್ಟ್‌ವೇರನ್ನು ಬದಲಾಯಿಸಬಹುದು. ಹೀಗೇ ರಿಪೇರಿ ಮಾಡುತ್ತಾ ಕೂರುವುದು ಇನ್ನು ಆಗದು. ತಿದ್ದಿದ ಪ್ರತಿಯಲ್ಲೂ ಇನ್ನೇನು ತಪ್ಪಿದೆಯೋ, ಅಜ್ಜಿಯ ಪತ್ರವಾದರೂ ಹೊಸದರಲ್ಲಿ ಮೊದಲಿಂದ ತನ್ನ ಕೈಯಿಂದಲೇ ಸರಿಯಾಗಲಿ ಎನಿಸಿತು. ಮರುಳಪ್ಪನವರಿಗೆ ಮುಂದಿನ ವಾರ ಬರಲು ಹೇಳಿ, ವಿಶ್ವನಾಥ್‌ಗೆ ಫೋನ್ ಮಾಡಿದರು. ಬಾರಪ್ಪ, ಹಾಕು ಎಂದಷ್ಟೇ ಹೇಳಿದರು. ಅವನು ಏನು ಹಾಕಲಿ ಎಂದು ಕೇಳಲಿಲ್ಲ.

ಭಾನುವಾರ ಅವನು ಬಂದು ಹೊಸ ವರ್ಷನ್ ಹಾಕಿದ. ಪರದೆಯ ಮೇಲ್ಭಾಗದ ಪಟ್ಟಿಯೆಲ್ಲ ಬೇರೆಯಾಗಿತ್ತು. ಪ್ರಿಂಟ್ ಎಲ್ಲಿದೆ ಎಂದು ಹುಡುಕಬೇಕಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೆದರಿದ್ದು ಕೀಲಿಮಣೆಗೆ. ಅಕ್ಷರಗಳ ಜಾಗ ಬದಲಾದರೆ ಬೆರಳುಗಳಿಗೆ ಮತ್ತೆ ಮೊದಲಿನಿಂದ ಕಲಿಸಬೇಕು. ಅದನ್ನು ಹೇಳಿದಾಗ ವಿಶ್ವನಾಥ್ ಆಶ್ಚರ್ಯದಿಂದ ನೋಡಿದ.

“ಅದೇನೂ ಬದಲಾಗಲ್ಲಕ್ಕ. ನಿಮ್ಮ ಹಳೇ ಟೈಪ್‌ರೈಟರ್ ಲೇಔಟೇ ಇದ್ರಾಗೂ ಐತೆ. ಅದ್ಕೇನಾ ಇಷ್ಟ್ ದಿನ ತಡದ್ರಿ?”

“ನೀನು ಹೇಳ್ಲಿಲ್ಲ.”

“ನೀವು ಕೇಳ್ಲಿಲ್ಲ.”

ಇಬ್ಬರೂ ನಗಲಿಲ್ಲ. ಶಶಿರೇಖಾ ತಮ್ಮ ಹೆಸರನ್ನು ಹೊಡೆದು ನೋಡಿದರು. ಬೆರಳು ಹೋದಲ್ಲಿ ಅಕ್ಷರ ಬಂತು. ಎದೆಯ ಮೇಲಿಂದ ಒಂದು ಮೂಟೆ ಇಳಿದಂತಾಯಿತು, ಅದರ ಹಿಂದೆಯೇ ಇಷ್ಟು ವರ್ಷ ಅದನ್ನು ಸುಮ್ಮನೆ ಹೊತ್ತೆನಲ್ಲ ಎಂಬ ಆಯಾಸವೂ.

ಆದರೆ ಹಳೆಯ ಪತ್ರಗಳ ವಿಷಯದಲ್ಲಿ ಅವನು ಹೇಳಿದ್ದು ನಿಜವಾಗಿತ್ತು. ಪ್ರೋಗ್ರಾಂ ಹಾಕಿ ಬದಲಾಯಿಸಿದ ಒಂದು ಕ್ರಯಪತ್ರವನ್ನು ಅವರು ಸೋಮವಾರ ಓದತೊಡಗಿದರು. ‘ಹಕ್ಕು’ ಕೆಲವು ಕಡೆ ‘ಹಕು’ ಆಗಿತ್ತು, ‘ಪೂರ್ವಕ್ಕೆ’ ಎಂಬುದರ ಅರ್ಕಾವತ್ತು ಹಾರಿಹೋಗಿತ್ತು. ಎರಡು ಪುಟ ತಿದ್ದುವಷ್ಟರಲ್ಲಿ ತಲೆ ಭಾರವಾಯಿತು. ಇಂಥ ಪತ್ರಗಳು ರಾಶಿ ರಾಶಿ ಇದ್ದವು.

ಅವರಿಗೆ ಅಪ್ಪ ನೆನಪಾದರು. ವ್ಯಾಪಾರಿಗಳು ಹೊಸ ಬಗೆಯ ಅಂಚು ಕೇಳತೊಡಗಿದಾಗ ಅಪ್ಪ ಐವತ್ತು ದಾಟಿದ ಮೇಲೆ ಮಗ್ಗಕ್ಕೆ ಅಂಚಿನ ಚಿತ್ತಾರ ನೇಯುವ ಜಕಾರ್ಡ್ ಯಂತ್ರ ಹಾಕಿಸಿದ್ದರು. ಆ ತಿಂಗಳುಗಳಲ್ಲಿ ಅವರು ಯಾರನ್ನೂ ದೂರಲಿಲ್ಲ. ದೀಪ ಹಚ್ಚುವ ಹೊತ್ತಿಗೇ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ದಣಿದಿದ್ದಾರೆ, ಮಾತಾಡಿಸಬೇಡಿ ಎಂದು ಅವ್ವ ತೆಲುಗಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದಳು. ಹೊಸ ಅಂಚಿನ ಮೊದಲ ಸೀರೆ ಮಗ್ಗದಿಂದ ಇಳಿದಾಗ ಮಾತ್ರ ಅಪ್ಪ ಅದರ ಮೇಲೆ ಕೈಯಾಡಿಸಿ, ಇನ್ನೊಂದಕ್ಕೆ ದಾರ ಹೂಡಿದ್ದರು. ಅಷ್ಟೇ.

ಹಳೆಯದನ್ನೆಲ್ಲ ಬದಲಾಯಿಸುವುದು ಬೇಡ ಎಂದು ಶಶಿರೇಖಾ ಅಲ್ಲೇ ತೀರ್ಮಾನಿಸಿದರು. ಯಾವ ಬಗೆಯ ಪತ್ರಕ್ಕೆ ಜನ ಬರುತ್ತಾರೋ ಆಗ ಅದನ್ನು ಹೊಸದಾಗಿ ಹೊಡೆಯುವುದು. ಉಳಿದದ್ದು ಇದ್ದಲ್ಲೇ ಇರಲಿ. ಮೊದಲು ದಾನಪತ್ರ. ವಕೀಲರ ಕರಡು ಈಗ ಒಡೆಯದೆ ತೆರೆದುಕೊಂಡಿತು. ಹಾಗಿದ್ದರೂ ಅವರು ಅದನ್ನು ಮೊದಲಿಂದ ಕೊನೆಯವರೆಗೆ ತುಟಿಯಲ್ಲಾಡಿಸುತ್ತಾ ಓದಿದರು. ಹೆಸರು ಬಂದಲ್ಲೆಲ್ಲ ನಿಂತರು. ಆಮೇಲೆ ಅದನ್ನು ಮರುಳಪ್ಪನವರ ಫೋನಿಗೆ ಕಳಿಸಿ, ಪ್ರಿಂಟ್ ತೆಗೆಯುವ ಮುಂಚೆ ಮನೆಯಲ್ಲಿ ಅಜ್ಜಿಗೆ ಓದಿ ಹೇಳಬೇಕೆಂದು ಕೇಳಿಕೊಂಡರು.

ಮರುಳಪ್ಪ ಕೊಂಡ್ಲಹಳ್ಳಿಯ ಜಗಲಿಯಲ್ಲಿ ಕೂತು ಪೂರ್ತಿ ಓದಿದರಂತೆ. ಅಜ್ಜಿ ನಡುವೆ ಒಂದೇ ಕಡೆ ತಡೆದರಂತೆ. ಹಿತ್ತಲಿನ ನುಗ್ಗೆಮರ ಪತ್ರದಲ್ಲಿ ಬಂದಿಲ್ಲ, ಅದೂ ಸೊಸೆಗೇ ಸೇರಬೇಕು ಎಂದು. ಮರುಳಪ್ಪ ಫೋನಿನಲ್ಲಿ ಸಂಕೋಚದಿಂದಲೇ ಇದನ್ನು ತಿಳಿಸಿದರು. ಶಶಿರೇಖಾ ವಕೀಲರನ್ನು ಕೇಳಿದರು. ಜಾಗ ಕೊಟ್ಟರೆ ಮರವೂ ಅದರೊಂದಿಗೇ ಹೋಗುತ್ತದೆ, ಬೇಕಿದ್ದರೆ ಸೇರಿಸಿ ಎಂದರು ಅವರು. ಶಶಿರೇಖಾ ಸೇರಿಸಿದರು.

ಆ ವಾರವೇ ಒಂದು ದಿನ ನೋಂದಣಿ ಬೆಳಿಗ್ಗೆಯೇ ಮುಗಿಯಿತು. ಶಿಲ್ಪಾ ಅತ್ತೆಯ ಕೈ ಹಿಡಿದು ಓಣಿಯಲ್ಲಿ ನಿಧಾನ ನಡೆಸಿಕೊಂಡು ಬಂದಳು. ಅಜ್ಜಿಗೆ ಅಂಗಡಿಯ ಮೆಟ್ಟಿಲು ಹತ್ತಲಾಗಲಿಲ್ಲ. ಕೆಳಗೇ ನಿಂತು, ಆತು ಕಣವ್ವ ಎಂದರು. ಶಶಿರೇಖಾ ಎದ್ದು ಹೊರಗೆ ಬಂದು ಅವರನ್ನು ಆಟೋದವರೆಗೆ ಬಿಟ್ಟು ಬಂದರು.

ಆ ಸಂಜೆ ಅವರು ರಾಜಣ್ಣನವರಿಗೆ, ಅಂಗಡಿ ಬಿಡುವುದಿಲ್ಲ, ಆದರೆ ಇನ್ನು ಮೇಲೆ ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕುತ್ತೇನೆ ಎಂದರು. ರಾಜಣ್ಣ ಹೂಂ ಎಂದು ಬಿಸಿನೀರಿನ ಚೀಲ ತಂದು ಅವರ ಭುಜಕ್ಕೆ ಇಟ್ಟರು. ಮೂರಕ್ಕೆ ಎಂದದ್ದು ಕೆಲವು ದಿನ ನಾಲ್ಕಾಗುತ್ತದೆ. ಹೊಸದರಲ್ಲಿ ಎಲ್ಲಿ ಏನಿದೆ ಎಂದು ಈಗಲೂ ಹುಡುಕುತ್ತಾರೆ, ಹುಡುಕುತ್ತಾ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತಾರೆ. ಪತ್ರ ಕೊಡುವ ಮೊದಲು ಬಂದವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಓದು ಬಾರದವರಿಗೆ ತಾವೇ ಓದಿ ಹೇಳುತ್ತಾರೆ. ಇದರಿಂದ ದಿನಕ್ಕೆ ಆಗುವ ಪತ್ರಗಳು ಕಡಿಮೆಯಾಗಿವೆ. ಕಾಯಲಾರದವರು ಬಸ್‌ಸ್ಟ್ಯಾಂಡ್ ಕಡೆ ಹೋಗುತ್ತಾರೆ. ಹೋಗಲಿ ಎಂದು ಶಶಿರೇಖಾ ಮುಂದಿನವರನ್ನು ಒಳಗೆ ಕರೆಯುತ್ತಾರೆ.