ಏನು ಕೇಳಿದರೂ ಇಲ್ಲ ಅನ್ನು

ಅತಿಥಿ ಉಪನ್ಯಾಸಕನಿಗೆ ರಜೆಯೆಂದರೆ ಸಂಬಳವಿಲ್ಲದ ತಿಂಗಳು. ಸೊರಬದಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಆ ತಿಂಗಳುಗಳಲ್ಲಿ ಬೆಂಗಳೂರಿನ ಒಂದು ಔಷಧ ಪರೀಕ್ಷಾ ಕೇಂದ್ರಕ್ಕೆ ಮೈ ಒಪ್ಪಿಸಿ ಬರುತ್ತಿದ್ದೆ. ಅವರು ಕೊಟ್ಟ ಮಾತ್ರೆ ನುಂಗಬೇಕು, ಎರಡು ಮೂರು ದಿನ ಅಲ್ಲೇ ಮಲಗಿ ಗಂಟೆಗಂಟೆಗೂ ರಕ್ತ ಕೊಡಬೇಕು, ತಟ್ಟೆಗೆ ಹಾಕಿದ್ದನ್ನು ಒಂದಗುಳೂ ಬಿಡದೆ ತಿನ್ನಬೇಕು. ಮನೆಯಲ್ಲಿ ಮೌಲ್ಯಮಾಪನಕ್ಕೆ ಹೋಗುತ್ತೇನೆ ಅಂತ ಹೇಳಿರುತ್ತಿದ್ದೆ. ಮೌಲ್ಯಮಾಪನ ನನ್ನದೇ ಆಗಿದ್ದರಿಂದ ಅದು ಪೂರ್ತಿ ಸುಳ್ಳೇನಲ್ಲ.

ಮೂರನೆಯ ಸಲ ನನಗೊಬ್ಬ ಶಿಷ್ಯ ಸಿಕ್ಕಿದ. ಈಸೂರಿನಲ್ಲಿ ನಮ್ಮ ಮಾವನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವವನು, ನಲವತ್ತರ ಗಟ್ಟಿ ಆಳು. ಇಪ್ಪತ್ತು ದಿನದ ಹಿಂದಷ್ಟೇ ಬೇರೊಂದು ಕೇಂದ್ರದಲ್ಲಿ ಮಾತ್ರೆ ನುಂಗಿ, ರಕ್ತ ಕೊಟ್ಟು ಬಂದಿದ್ದ. ಎರಡು ಪರೀಕ್ಷೆಗಳ ನಡುವೆ ಮೂರು ತಿಂಗಳ ಬಿಡುವು ಇರಲೇಬೇಕೆಂದು ನನಗೆ ಗೊತ್ತಿತ್ತು.

"ಅದನ್ನ ಹೇಳ್ಬೇಡ ಅಣ್ಣ," ಅಂದೆ ಬಸ್ಸಿನಲ್ಲಿ. "ಅವ್ರು ಏನ್ ಕೇಳಿದ್ರೂ ಇಲ್ಲ ಅನ್ನು."

"ಏನ್ ಕೇಳಿದ್ರೂ?"

"ಏನ್ ಕೇಳಿದ್ರೂ."

"ನಾವು ಕುರಿಗೆ ಔಷಧ ಹಾಕೋವಾಗ ಕೇಳೋದೇ ಇಲ್ಲ ನೋಡ್ರಿ ಮೇಷ್ಟ್ರೇ. ಬಾಯಿ ಅಗಲ್ಸಿ ಹುಯ್ಯೋದೇ."

ಕೇಂದ್ರದಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ರಕ್ತದೊತ್ತಡ ಇಳಿಸುವ ಮಾತ್ರೆ ಕೊಟ್ಟರು. ನುಂಗಿದ್ದೇವೋ ಇಲ್ಲವೋ ಎಂದು ನಾಲಿಗೆ ಎತ್ತಿಸಿ ಟಾರ್ಚು ಬಿಟ್ಟು ನೋಡಿದರು. ಅವನು ಪಕ್ಕದ ಮಂಚದಿಂದ ನನಗೆ ಕಣ್ಣು ಹೊಡೆದ.

ಸ್ವಲ್ಪ ಹೊತ್ತಿಗೆ ಅವನ ಹಣೆ ಬೆವರಿತು, ತುಟಿ ಬಿಳಿಚಿಕೊಂಡಿತು. ನರ್ಸ್ ಬಂದರು.

"ತಲೆ ಸುತ್ತುತ್ತಾ?"

"ಇಲ್ರೀ."

"ವಾಂತಿ ಬರೋ ಹಾಗಾಗ್ತಿದೆಯಾ?"

"ಇಲ್ರೀ."

"ಕಣ್ಣು ಮಂಜಾಗ್ತಿದೆಯಾ?"

"ಇಲ್ರೀ."

ಅವರು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು. ಬಿಪಿ ನೋಡುವ ಸರದಿ ಇನ್ನೂ ಬಂದಿರಲಿಲ್ಲ. ಅವನು ನನ್ನತ್ತ ತಿರುಗಿದ. ನೋಟ ಮಾತ್ರ ನನ್ನ ಮೇಲೆ ನಿಲ್ಲಲಿಲ್ಲ. ಮೊದಲೇ ಕಳೆದುಕೊಂಡ ರಕ್ತ, ಅದರ ಮೇಲೆ ಈ ಮಾತ್ರೆ: ಎಂ.ಎಸ್ಸಿ. ಓದಿದ ನನ್ನ ತಲೆ ಎಲ್ಲವನ್ನೂ ಸರಿಯಾಗಿ ಕೂಡಿಸಿತು. ಬಾಯಿ ತೆರೆಯಲಿಲ್ಲ. ಹೇಳಿದರೆ ಇಬ್ಬರನ್ನೂ ಆಚೆ ಹಾಕುತ್ತಾರೆ. ಕಾಲೇಜಿಗೆ ಸುದ್ದಿ ಹೋದರೆ? ಮಧ್ಯಾಹ್ನದ ಊಟಕ್ಕೆ ಪಾಯಸವಿದೆ ಎಂಬುದೂ ಆಗಲೇ ನೆನಪಾಯಿತು.

ಅವನು ಮಂಚದಿಂದ ಜಾರಿ ಬಿದ್ದ. ಕೈಗೆ ಚುಚ್ಚಿದ್ದ ನಳಿಕೆ ಕಿತ್ತುಬಂದು ರಕ್ತ ಹರಿಯಿತು. ಡಾಕ್ಟರು ಓಡಿ ಬಂದರು.

"ಇವ್ರು ಬೇರೆ ಕಡೆ ಟ್ರಯಲ್‌ಗೆ ಹೋಗಿದ್ರಾ?" ಎಂದು ನನ್ನನ್ನೇ ಕೇಳಿದರು.

"ಇಲ್ಲ," ಅಂದೆ. ಹೇಳಿಕೊಟ್ಟ ಪಾಠ ಮೇಷ್ಟ್ರಿಗೂ ಅಷ್ಟು ಚೆನ್ನಾಗಿ ಬಾಯಿಗೆ ಬಂದಿತ್ತು.

"ಸರಿಯಾಗಿ ಹೇಳ್ರೀ! ನಾಡಿ ಸಿಗ್ತಿಲ್ಲ!"

ಆಗ ಎಲ್ಲವನ್ನೂ ಒಂದೇ ಉಸಿರಿಗೆ ಕಿರುಚಿದೆ.

ಸಲೈನ್ ಏರಿಸಿದ ಮೇಲೆ, ಸಂಜೆಯ ಹೊತ್ತಿಗೆ ಅವನು ಎದ್ದು ಕೂತ. ಮರುದಿನ ಇಬ್ಬರನ್ನೂ ಕಳಿಸಿಬಿಟ್ಟರು. ಬಸ್ಸು ಶಿಕಾರಿಪುರ ಮುಟ್ಟುವಾಗ ಅವನು ಕೇಳಿದ.

"ಮೇಷ್ಟ್ರೇ, ನಾನೆಲ್ಲಾದ್ರೂ ತಪ್ಪು ಹೇಳಿದ್ನೇನ್ರೀ? ನೀವು ಹೇಳ್ಕೊಟ್ಟಂಗೇ ಹೇಳಿದ್ನಲ್ಲ."

"ತಪ್ಪು ನಂದೇ ಅಣ್ಣ. ನೀನು ಬೆವರೋದು ನೋಡ್ಕೊಂಡೇ ಸುಮ್ನಿದ್ದೆ."

ಅವನು ಪೂರ್ತಿ ನನ್ನ ಕಡೆ ತಿರುಗಿ ಕೂತ.

"ಎಷ್ಟೊತ್ತು ಸುಮ್ನಿದ್ರಿ?"

"ಗಡಿಯಾರ ನೋಡ್ಲಿಲ್ಲ," ಅಂದೆ.

ರಕ್ತ ತೆಗೆಯುವ ಹೊತ್ತು ತಪ್ಪಬಾರದೆಂದು ಅಲ್ಲಿ ಮಂಚಗಳ ಎದುರಿಗೇ ದೊಡ್ಡ ಗಡಿಯಾರ ಹಾಕಿರುತ್ತಾರೆ. ಅದು ಅವನಿಗೂ ಗೊತ್ತಿತ್ತು. ನಾನು ಮುಳ್ಳನ್ನೇ ನೋಡುತ್ತ ಮಲಗಿದ್ದೆ. ಆರು ನಿಮಿಷ.