ಕಾದ ಮೋಟಾರು, ಕೆರಳಿದ ಮಾಸ್ತರು

ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರಿನ ಮಗ್ಗುಲಲ್ಲಿ ಒಂದು ಸಣ್ಣ ತೂತಿರುತ್ತದೆ. ಮೋಟಾರು ನಡೆಯುವಷ್ಟು ಹೊತ್ತೂ ಅದರಿಂದ ಊದುಬತ್ತಿಯ ಕಡ್ಡಿಯಷ್ಟು ತೆಳ್ಳಗೆ ನೀರು ಚಿಮ್ಮುತ್ತಿರಬೇಕು. ಈ ಕ್ಷುಲ್ಲಕ ಸಂಗತಿಯನ್ನು ತಿಳಿಯದೆಯೇ ನಾನು ಇಷ್ಟು ವರ್ಷ ಸುಖವಾಗಿ ಬದುಕಿದ್ದೆ. ನೀರಿನಲ್ಲಿ ಮುಳುಗಿದ ತನ್ನ ಕಾಲಿನ ಜಾಲರಿಯಿಂದ ಕೆರೆಯ ನೀರನ್ನು ಹೀರಿಕೊಂಡು, ಒಳಗೆಲ್ಲ ಸುತ್ತಾಡಿಸಿ, ತನ್ನ ತಾಪವನ್ನೆಲ್ಲ ಅದಕ್ಕೆ ಒಪ್ಪಿಸಿ, ಈ ತೂತಿನಿಂದ ಹೊರಗೆ ಬಿಡುವುದು ಆ ಯಂತ್ರದ ನಿತ್ಯವಿಧಿಯಂತೆ. ನೀರು ನಿಂತರೆ ಮೋಟಾರು ಕಾಯುತ್ತದೆ; ಗಮನಿಸದೆ ಓಡಿಸಿದರೆ ಸುಟ್ಟೇ ಹೋಗುತ್ತದೆ. ಇಂಥದೊಂದು ತೂತನ್ನು ದೇವರು ನನಗೂ ಇಟ್ಟಿದ್ದರೆ ಮನೆಯವರೆಲ್ಲ ನೆಮ್ಮದಿಯಿಂದ ಇರುತ್ತಿದ್ದರೆಂಬುದು ನನ್ನ ಹೆಂಡತಿಯ ಅಭಿಪ್ರಾಯ.

ಧಾರವಾಡದ ಕಾಲೇಜೊಂದರಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು ಈಗ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿದ್ದೇನೆ. ಸೋಮವಾರ ಬೆಳಿಗ್ಗೆ ವಾರದ ನಿರ್ಮಾಲ್ಯವನ್ನು, ಅಂದರೆ ದೇವರ ಮೇಲಿಂದ ತೆಗೆದ ಹೂವು-ಪತ್ರಿಯನ್ನು, ಸ್ಕೂಟರಿನಲ್ಲಿ ಒಯ್ದು ಕೆರೆಗೆ ಒಪ್ಪಿಸಿ ಬರುವುದು ನಮ್ಮ ಮನೆಯ ಪದ್ಧತಿ. ದೇವರ ಹೂವು ಯಾರ ಕಾಲಿಗೂ ಸಿಗಬಾರದೆಂದು ನಮ್ಮ ಅಪ್ಪ ಹೇಳುತ್ತಿದ್ದರು. ಕಾಲಿಗೆ ಸಿಗದ ಜಾಗ ನೀರೊಂದೇ ಎಂದು ನಾನು ನಂಬಿದ್ದೆ. ಮೊನ್ನೆಯೊಂದು ಸೋಮವಾರ ಈ ಕೆಲಸ ಮುಗಿದ ಮೇಲೆ, ಇಷ್ಟು ವರ್ಷ ದಂಡೆಯಿಂದಲೇ ಹಿಂದಿರುಗಿದ್ದಾಯಿತು, ಇಂದಾದರೂ ದೋಣಿಯಲ್ಲಿ ಒಂದು ಸುತ್ತು ಹೋಗೋಣವೆಂದು ಹೆಂಡತಿ ಹಟ ಹಿಡಿದಳು. ಹೋದೆವು.

ಕೆರೆಯ ನಟ್ಟನಡುವೆ ಮೋಟಾರು ಕೀಂ ಎಂದು ಒಂದೇ ಸಮನೆ ಕೂಗತೊಡಗಿತು. ದೋಣಿ ನಡೆಸುವ ಮಹಾದೇವಪ್ಪ ತಟ್ಟನೆ ಅದನ್ನು ನಿಲ್ಲಿಸಿ, ಮುಟ್ಟಿ ನೋಡಿ ಕೈ ಝಾಡಿಸಿಕೊಂಡ. ಕಾಲ ಬಳಿಯಿದ್ದ ಕೆಂಪು ಚೀಲದಿಂದ ತಂತಿಯೊಂದನ್ನು ತೆಗೆದು ಆ ತೂತಿಗೆ ಚುಚ್ಚಿದ. ತುಸು ಆರಲು ಬಿಟ್ಟು ಮತ್ತೆ ಶುರು ಮಾಡಿದ. ಎರಡು ಹನಿ ಬಿತ್ತು, ನಿಂತಿತು, ಮತ್ತೆ ಕೀಂ. ಬಿಸಿಲು ಏರುತ್ತಿತ್ತು, ನನ್ನ ಪಿತ್ತವೂ. ಏನಪ್ಪಾ ಇದರ ಅರ್ಥ ಎಂದು ಗದರಿದೆ.

“ಬುಡದಾಗ ಏನರ ಸಿಕ್ಕಿರಬೇಕ್ರಿ ಸರ್ರ. ದಂಡಿಗೆ ಹೋಗಿ ಎತ್ತಿ ನೋಡತೇನಿ” ಎಂದು ಹೇಳಿ ಅವನು ಹುಟ್ಟು ಹಿಡಿದ. ಹುಟ್ಟು ಹಾಕುತ್ತ ಹಾಕುತ್ತ, ಈ ತಿಂಗಳಲ್ಲಿ ಹೀಗಾದದ್ದು ಇದು ಮೂರನೆಯ ಸಲವೆಂದೂ, ಇನ್ನೊಂದು ದೂರು ಬಂದರೆ ದೋಣಿಯಿಂದ ಇಳಿಸುವೆನೆಂದು ಗುತ್ತಿಗೆದಾರ ಹೇಳಿದ್ದಾನೆಂದೂ ತಿಳಿಸಿದ. ನಾನು ಬಾಯಿ ತೆರೆಯುವ ಮೊದಲೇ ಮುಚ್ಚಿಸುವ ಉಪಾಯವಿದು ಎಂದುಕೊಂಡೆ, ಇನ್ನಷ್ಟು ಉರಿದೆ. ದಂಡೆ ಬರುವತನಕ ಹೆಂಡತಿಗೆ ಉಪನ್ಯಾಸ ಕೊಟ್ಟೆ: ತೇಲುತ್ತಿರುವ ಬಾಟಲಿ ನೋಡು, ಪೊಟ್ಟಣ ನೋಡು, ಈ ಊರಿನ ಜನಕ್ಕೆ ಕೆರೆಯೆಂದರೆ ಕಸದ ತೊಟ್ಟಿ, ಇವರಿಗೆ ನಾಗರಿಕತೆ ಕಲಿಸುವವರು ಯಾರು? ನಲವತ್ತೈದು ನಿಮಿಷದ ಪಾಠಕ್ಕೆ ಒಗ್ಗಿದ ಗಂಟಲು ನನ್ನದು. ಹೆಂಡತಿ ನೀರನ್ನೇ ನೋಡುತ್ತಿದ್ದಳು.

ಇಳಿದವನೇ ನೇರವಾಗಿ ಟಿಕೀಟಿನ ಕಿಟಕಿಗೆ ಹೋಗಿ ದೂರಿನ ಪುಸ್ತಕ ಕೇಳಿದೆ. ಕೊಡಲು ಮೀನಮೇಷ ಎಣಿಸಿದ ಅಲ್ಲಿಯವನ ಮೇಲೂ ಒಂದಿಷ್ಟು ಹಾರಾಡಿದೆ. “ಯಂತ್ರಪಾಲನೆಯಲ್ಲಿ ಅಕ್ಷಮ್ಯ ಔದಾಸೀನ್ಯ” ಎಂದು ಆರಂಭಿಸಿ, “ಸದರಿ ಚಾಲಕನ ಮೇಲೆ ಉಗ್ರ ಕ್ರಮ ಜರುಗಿಸತಕ್ಕದ್ದು” ಎಂದು ಮುಗಿಸಿ, ಕೆಳಗೆ ಹೆಸರು, ವಿಳಾಸ, ನಿವೃತ್ತ ಪ್ರಾಧ್ಯಾಪಕನೆಂಬ ಬಿರುದು ಸಮೇತ ಸಹಿ ಜಡಿದೆ. ಎರಡು ಸಲ ಓದಿಕೊಂಡೆ. ನಿವೃತ್ತಿಯ ನಂತರ ಇಷ್ಟು ಒಳ್ಳೆಯ ಗದ್ಯ ಬರೆದಿರಲಿಲ್ಲ. ಕಿಟಕಿಯವನು ಆ ಪುಟದ ಫೋಟೋ ತೆಗೆದು ಆಗಲೇ ಗುತ್ತಿಗೆದಾರನಿಗೆ ಕಳಿಸಿಬಿಟ್ಟ. ಆ ಕೆರೆಯ ಮೇಲೆ ಬೇಗ ನಡೆದ ಕೆಲಸ ಅದೊಂದೇ.

ಹೆಂಡತಿಯನ್ನು ಕರೆಯಲು ದೋಣಿಯ ಬಳಿ ಬಂದರೆ, ಮಹಾದೇವಪ್ಪ ಮೋಟಾರನ್ನು ಮೇಲೆತ್ತಿ ಅದರ ಕಾಲಿಗೆ ಸುತ್ತಿಕೊಂಡಿದ್ದ ಏನನ್ನೋ ಬಿಡಿಸುತ್ತಿದ್ದ. ಜಾಲರಿಯ ಬಾಯಿಗೆ ಅಂಟಿಕೊಂಡಿದ್ದ ಅದು ಬಟ್ಟೆಯಂತೆ ಕಾಣುವ ಪ್ಲಾಸ್ಟಿಕ್ಕಿನ ಕೆಂಪು ಚೀಲ. ಮದುವೆಗೆ ಬಂದವರಿಗೆ ಎಲೆ-ಅಡಿಕೆ, ತೆಂಗಿನಕಾಯಿ ಹಾಕಿ ಕೊಡುತ್ತಾರಲ್ಲ, ಅಂಥದು. ಬಾಯಿಗೆ ಮೂರು ಗಂಟು, ಒಳಗೆ ಕೊಳೆತ ಪತ್ರಿ. ಮೇಲೆ ಬಂಗಾರದ ಅಕ್ಷರದಲ್ಲಿ ನನ್ನ ಮಗಳು ಸುಧಾಳ ಹೆಸರು, ಅಳಿಯನ ಹೆಸರು, ಕೆಳಗೆ ಕನ್ಯಾಪಿತೃವಾದ ನನ್ನ ಹೆಸರು, ನಿವೃತ್ತ ಪ್ರಾಧ್ಯಾಪಕನೆಂಬ ಬಿರುದು ಸಮೇತ. ಮದುವೆಯಲ್ಲಿ ಉಳಿದ ಚೀಲಗಳ ಕಟ್ಟು ನಮ್ಮ ಅಡುಗೆಮನೆಯ ಅಟ್ಟದ ಮೇಲಿದೆ. ವಾರಕ್ಕೊಂದು ತೆಗೆಯುತ್ತೇನೆ. ಗಂಟೂ ನಾನೇ ಹಾಕುತ್ತೇನೆ, ಹೂವು ಹೊರಬಂದು ಯಾರ ಕಾಲಿಗೂ ಸಿಗದಿರಲೆಂದು.

ಮಹಾದೇವಪ್ಪ ಅಕ್ಷರಗಳನ್ನು ನಿಧಾನವಾಗಿ ಓದಿದ. ನನ್ನ ಹೆಂಡತಿಯ ಮುಖ ನೋಡಿ ಅವನಿಗೆ ಎಲ್ಲ ತಿಳಿಯಿತೆಂದು ಕಾಣುತ್ತದೆ.

“ಮಗಳ ಮದುವಿ ಛಲೋ ಆತೇನ್ರಿ ಸರ್ರ?” ಎಂದ. ಆಮೇಲೆ ಚೀಲವನ್ನು ಹಿಂಡುತ್ತ, “ಇದು ಮೂರನೇದ್ರಿ. ಮೊದಲನೇದರಾಗ ನಾನು ಪಾನಾ, ತಂತಿ, ರಿಪೇರಿ ಸಾಮಾನೆಲ್ಲಾ ಇಟ್ಕೊಂಡೇನಿ. ಚೀಲ ಗಟ್ಟಿ ಅದಾವ್ರಿ” ಎಂದ.

ಅವನ ಧ್ವನಿಯಲ್ಲಿ ವ್ಯಂಗ್ಯವಿತ್ತೇ ಎಂದು ಹುಡುಕಿದೆ. ಸಿಕ್ಕಿದ್ದರೆ ಅವನ ಮೇಲೆ ಸಿಟ್ಟಾಗಬಹುದಿತ್ತು. ಸಿಗಲಿಲ್ಲ. ಹತ್ತೇ ಹೆಜ್ಜೆ ದೂರದಲ್ಲಿ ನಿರ್ಮಾಲ್ಯಕ್ಕೆಂದೇ ಕಟ್ಟಿದ ತೊಟ್ಟಿಯಿದೆ. ದೇವರ ಹೂವನ್ನು ತೊಟ್ಟಿಗೆ ಹಾಕುವುದೇ ಎಂದು ಅದನ್ನು ಕಟ್ಟಿದವರ ಮೇಲೆಯೂ ನಾನು ಒಮ್ಮೆ ಹರಿಹಾಯ್ದಿದ್ದೆ. ಊರೆಲ್ಲರ ಮೇಲೆ ಎತ್ತಿ ಹಿಡಿದಿದ್ದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೆಂದು ತಿಳಿಯದೆ ನಿಂತೆ. ನನ್ನ ಮೇಲೆ ನನಗೇ ಬಂದಂಥ ಸಿಟ್ಟು ಅದುವರೆಗೆ ಯಾವ ವಿದ್ಯಾರ್ಥಿಯ ಮೇಲೂ ಬಂದಿರಲಿಲ್ಲ.

“ಬರದದ್ದು ಅಳಸಾಕ ಬರತೈತೇನು ನೋಡ್ರಿ. ಅವರ ಹೊಟ್ಟಿ ಪಾಡಿನ ಮಾತು” ಎಂದಳು ಹೆಂಡತಿ.

ಅಳಿಸಲು ಬರಲಿಲ್ಲ, ಪುಟಗಳಿಗೆ ಅಚ್ಚಿನ ಅಂಕಿಯಿತ್ತು, ಹರಿಯಲೂ ಬರಲಿಲ್ಲ. ಮುಂದಿನ ಪುಟದಲ್ಲಿ ಮತ್ತೊಂದು ದೂರು ಬರೆದೆ, ನನ್ನ ಮೇಲೆಯೇ. ಈ ಸಲ ಔದಾಸೀನ್ಯವೂ ಇಲ್ಲ, ಸದರಿಯೂ ಇಲ್ಲ: ಮೋಟಾರು ಮೂರು ಸಲವೂ ಕಾದದ್ದು ನಾನು ಎಸೆದ ಚೀಲಗಳಿಂದ, ಮಹಾದೇವಪ್ಪನದೇನೂ ತಪ್ಪಿಲ್ಲ, ಅವನು ಹೊತ್ತಿಗೆ ನಿಲ್ಲಿಸಿದ್ದರಿಂದ ಮೋಟಾರು ಉಳಿದಿದೆ. ಹೆಸರು, ವಿಳಾಸ. ಬಿರುದು ಬರೆಯಲಿಲ್ಲ. “ಲಗತ್ತು: ಚೀಲ ಒಂದು” ಎಂದು ಸೇರಿಸಿ, ಒದ್ದೆ ಚೀಲವನ್ನು ಕಿಟಕಿಯೊಳಗೆ ಇಟ್ಟೆ. ಅದರದೂ ಫೋಟೋ ತೆಗೆಯಪ್ಪಾ ಎಂದು ಕಿಟಕಿಯವನಿಗೆ ಕೈಮುಗಿದೆ. ಗುತ್ತಿಗೆದಾರ ಆ ಪುಟವನ್ನು ಓದುವನೋ ಇಲ್ಲವೋ ಎಂಬ ಚಿಂತೆಯಲ್ಲಿ ಆ ವಾರ ನನಗೆ ಊಟ ಸೇರಲಿಲ್ಲ.

ಮುಂದಿನ ಸೋಮವಾರ ನಿರ್ಮಾಲ್ಯವನ್ನು ಹಿತ್ತಲಿನ ದಾಸವಾಳದ ಬುಡದಲ್ಲಿ ಮಣ್ಣಿಗೆ ಸೇರಿಸಿ, ಬರಿಗೈಯಲ್ಲಿ ಕೆರೆಗೆ ಹೋದೆವು. ದೋಣಿಯಲ್ಲಿ ಮಹಾದೇವಪ್ಪನೇ ಇದ್ದ. ದೋಣಿ ಹತ್ತಿ ಅವನ ಪಕ್ಕದ ಹಲಗೆಯ ಮೇಲೆ ಕುಳಿತೆ. ಅವನು ಮೊದಲು ನನ್ನ ಕೈ ನೋಡಿದ, ಆಮೇಲೆ ಮೋಟಾರು ಶುರು ಮಾಡಿದ. ಅವನೂ ನಾನೂ ಬಗ್ಗಿ ಆ ಸಣ್ಣ ತೂತನ್ನೇ ನೋಡುತ್ತ ಕುಳಿತೆವು. ಒಂದು ಹನಿ, ಎರಡು ಹನಿ, ಆಮೇಲೆ ಊದುಬತ್ತಿಯ ಕಡ್ಡಿಯಷ್ಟು ತೆಳ್ಳಗೆ ನೀರು.

“ಬಂತ್ರಿ” ಎಂದ ಮಹಾದೇವಪ್ಪ. ಪಾನಾ-ತಂತಿಯ ಕೆಂಪು ಚೀಲವನ್ನು ಅಕ್ಷರ ಕಾಣದಂತೆ ಮಗ್ಗಲು ಹೊರಳಿಸಿಟ್ಟು ದೋಣಿ ಬಿಟ್ಟ.